ಕಾದಂಬರಿ 84ನೇ ಪುಟಕ್ಕೆ ನಿಂತುಬಿಟ್ಟಿದೆ, ಮುಂದೆ ಹೋಗುವುದು ಹೇಗೆ?

ಅಟ್ಟದ ಮನೆ · ಭಾನುವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಒಂದೂವರೆ ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ತೆಂಗಿನ ತೋಟದ ಒಂದು ಮನೆ, ಮೂವರು ಅಣ್ಣತಮ್ಮಂದಿರು, ಅವರ ತಾಯಿ. ಮೊದಲ 60 ಪುಟ ಎರಡೇ ತಿಂಗಳಲ್ಲಿ ಬಂತು. ಬೆಳಗ್ಗೆ ಒಲೆ ಮೇಲೆ ಹಾಲಿಟ್ಟು ಒಂದು ಸಾಲು ಬರೆಯೋಣ ಅಂತ ಕೂತರೆ ಹಾಲು ಉಕ್ಕಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ನಿಧಾನವಾಯಿತು. ಯುಗಾದಿಯಿಂದ 84ನೇ ಪುಟದಲ್ಲೇ ಇದ್ದೇನೆ.

ದಿನಾ ಫೈಲ್ ತೆಗೆಯುತ್ತೇನೆ. ಮೊದಲಿಂದ ಓದುತ್ತೇನೆ. ಅಲ್ಲೊಂದು ಪದ, ಇಲ್ಲೊಂದು ಪದ ತಿದ್ದುತ್ತೇನೆ. ಅಷ್ಟರಲ್ಲಿ ಶಾಲೆಗೆ ಹೊತ್ತಾಗುತ್ತದೆ. ಮೊದಲು ಮನೆಯವರು "ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದರು. ಈಗ ಕೇಳುವುದಿಲ್ಲ, ಅದೇ ಜಾಸ್ತಿ ಬೇಜಾರು.

ಸ್ಫೂರ್ತಿ ಬರಲಿ ಅಂತ ಕಾಯಬೇಕಾ? ಬರದಿದ್ದರೂ ಕೂತು ಬರೆಯಬೇಕಾ? ಕಾದಂಬರಿ ಮುಗಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಅಂಚೆಪೆಟ್ಟಿಗೆ · ರಾತ್ರಿ 10:58

ಮೇಡಂ, ಕಾಯಬೇಡಿ. ನಾನು ಅಂಚೆ ಇಲಾಖೆಯವನು, ಸಾಗರದ ಹತ್ತಿರ. ಆ ಕಾರಣಕ್ಕೇ ನನಗೆ ಆಂಥನಿ ಟ್ರೊಲಪ್ ಅಂದರೆ ಇಷ್ಟ. 19ನೇ ಶತಮಾನದ ಇಂಗ್ಲೆಂಡಿನವರು, ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಕಾದಂಬರಿ ಬರೆದರು. ಒಟ್ಟು 47 ಕಾದಂಬರಿ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದರು. ಕೈಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಎಬ್ಬಿಸಿ ಕಾಫಿ ಕೊಡುವುದಕ್ಕೆ ಅಂತಲೇ ಒಬ್ಬ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರಂತೆ. ಇದೆಲ್ಲ ಅವರ ಆತ್ಮಕಥೆಯಲ್ಲೇ ಇದೆ.

ಸ್ಫೂರ್ತಿಗೂ ಒಂದು ಹೊತ್ತು ಗೊತ್ತು ಮಾಡಿಕೊಡಬೇಕು. ಟಪಾಲು ಚೀಲ ದಿನಾ ಬರುತ್ತದಲ್ಲ, ಹಾಗೆ.

ಮಳೆಗಾಲ · ರಾತ್ರಿ 11:10

ಒಪ್ಪುವುದಿಲ್ಲ ಸರ್. ಎಲ್ಲರೂ ಗಡಿಯಾರ ಇಟ್ಟುಕೊಂಡು ಬರೆದವರಲ್ಲ. ಕುವೆಂಪು ಬರೆದದ್ದು ಎರಡೇ ಕಾದಂಬರಿ. 'ಕಾನೂರು ಹೆಗ್ಗಡಿತಿ' 1936ರಲ್ಲಿ ಬಂತು, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವೆ 31 ವರ್ಷ. ಅವಸರ ಮಾಡಿದ್ದರೆ ಆ ಎರಡನೆಯದು ಹಾಗೆ ಬರುತ್ತಿತ್ತಾ?

ಅಕ್ಕ, ನೀವು ತಿಪಟೂರಿನವರು, ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೀರಿ. ನಡುವೆ ಒಡೆದು ನೋಡಿದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ನಿಮ್ಮ ಕಥೆ ಈಗ ಅಟ್ಟದ ಮೇಲಿದೆ. ಬಿಡಿ, ಒಣಗಲಿ.

ದಿನಕ್ಕೊಂದು ಪುಟ · ರಾತ್ರಿ 11:16

31 ವರ್ಷ ಕುವೆಂಪು ಸುಮ್ನೆ ಕೂತಿದ್ದರಾ? ಆ ನಡುವೆಯೇ 'ಶ್ರೀ ರಾಮಾಯಣ ದರ್ಶನಂ' ಬಂತು. ನಾಟಕ, ಕವಿತೆ, ವಿಮರ್ಶೆ ಬಂತು. ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಅದನ್ನು ಕಾಯುವುದು ಅಂತ ಹೇಗೆ ಕರೆಯುತ್ತೀರಿ? ಬರೆಯುವ ಕೈ ಒಂದು ದಿನವೂ ತಣ್ಣಗಾಗಿರಲಿಲ್ಲ.

ಹೊನ್ನವಳ್ಳಿ ಹುಡುಗ · ರಾತ್ರಿ 11:31

ಅಟ್ಟದ ಮಾತು ಬಂತಲ್ಲ, ನಮ್ಮೂರಿನ ಕಸುಬು, ಹೇಳಿಬಿಡುತ್ತೇನೆ. ಅಟ್ಟಕ್ಕೆ ಹಾಕುವುದು ಚೆನ್ನಾಗಿ ಬಲಿತ ಕಾಯಿಯನ್ನು ಮಾತ್ರ. ಸಿಪ್ಪೆ ಸಮೇತ ಹಾಕುತ್ತೇವೆ. ಎಂಟು ತಿಂಗಳಿಂದ ವರ್ಷದವರೆಗೆ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ ಗಿಟುಕು, ಅಂದರೆ ಇಡೀ ಕೊಬ್ಬರಿ, ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು, ಆಗ ಸುಲಿಯುವುದು. ಎಳಸು ಕಾಯಿ ಅಟ್ಟಕ್ಕೆ ಹಾಕಿದರೆ ಕೊಳೆಯುತ್ತದೆ ಅಷ್ಟೇ.

ಹಾಗಾಗಿ ಮಳೆಗಾಲ ಅಣ್ಣ ಹೇಳಿದ್ದು ಅರ್ಧ ಸರಿ. ಬರೆದು ಮುಗಿಸಿದ ಕರಡನ್ನು ಅಟ್ಟಕ್ಕೆ ಹಾಕಬಹುದು. ಇನ್ನೂ ಬರೆಯದೇ ಇರುವುದು ಮರದಲ್ಲೇ ಇದೆ, ಅದಕ್ಕೆ ನೀರು ಬಿಡಬೇಕು.

ಮಳೆಗಾಲ · ರಾತ್ರಿ 11:40

ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ದಿನಾ ಇಷ್ಟೇ ಪದ ಅನ್ನುವ ಲೆಕ್ಕಾಚಾರ ನನಗೆ ಹಿಡಿಸುವುದಿಲ್ಲ.

ನವೆಂಬರ್ 30 · ಸೋಮವಾರ, ಬೆಳಗ್ಗೆ 6:20

ಲೆಕ್ಕದ ವಿಷಯದಲ್ಲಿ ನನಗೆ ಆದ ಅನುಭವ ಹೇಳುತ್ತೇನೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಒಂದು ಪದ್ಧತಿ ಇತ್ತು, ನವೆಂಬರ್ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವುದು. ನ್ಯಾನೊರೈಮೊ ಅಂತ ಕರೆಯುತ್ತಿದ್ದರು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು. ದಿನಕ್ಕೆ 1,667 ಪದ ಬೀಳುತ್ತದೆ. ನಾನು ಎರಡು ವರ್ಷ ಕನ್ನಡದಲ್ಲಿ ಪ್ರಯತ್ನಪಟ್ಟೆ. ಎರಡು ಸಲವೂ 12ನೇ ದಿನದ ಹೊತ್ತಿಗೆ ಕೈಬಿಟ್ಟೆ. ನನಗೆ ಬರೆಯುವ ಯೋಗ್ಯತೆಯೇ ಇಲ್ಲ ಅಂದುಕೊಂಡಿದ್ದೆ.

ಆಮೇಲೆ ಹೊಳೆಯಿತು. ಆ ಅಂಕಿ ಇಂಗ್ಲಿಷಿಗೆ ಮಾಡಿದ್ದು. ನಮ್ಮ "ಹೋಗಬೇಕಾಗಿತ್ತಂತೆ" ಅನ್ನುವುದು ಒಂದೇ ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಆರೇಳು ಪದ ಬೇಕು. ಈಗ ದಿನಕ್ಕೆ 400 ಪದ ಅಂತ ಇಟ್ಟುಕೊಂಡಿದ್ದೇನೆ. ನನ್ನ ಅಳತೆಯಲ್ಲಿ ಅದು ಡೆಮಿ ಸೈಜಿನ ಹೆಚ್ಚುಕಡಿಮೆ ಎರಡು ಪುಟ. ಕಳೆದ ಮಳೆಗಾಲದಲ್ಲಿ ನನ್ನ ಮೊದಲ ಕರಡು ಮುಗಿಯಿತು.

ಅಟ್ಟದ ಮನೆ · ಬೆಳಗ್ಗೆ 6:41

ಗಣಿತದವಳಾಗಿ ನನಗೇ ಇದು ಹೊಳೆದಿರಲಿಲ್ಲ! ಇಂಗ್ಲಿಷ್ ವಿಡಿಯೋಗಳನ್ನು ನೋಡಿ ದಿನಕ್ಕೆ 1,500 ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ತುಂಬಾ ಥ್ಯಾಂಕ್ಸ್.

ಒತ್ತಕ್ಷರ · ಬೆಳಗ್ಗೆ 9:05

ಮೇಡಂ ಯಾವುದರಲ್ಲಿ ಟೈಪ್ ಮಾಡುತ್ತಿದ್ದೀರಿ? ನುಡಿ ತಂತ್ರಾಂಶದ ಹಳೆಯ ಫಾಂಟಾ, ಯೂನಿಕೋಡಾ? ನಾನು ಡಿಟಿಪಿ ಮಾಡುವವನು. ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಹಳೆಯ ಫಾಂಟಿನಲ್ಲಿ ಬರೆದು ಆಮೇಲೆ ಯೂನಿಕೋಡಿಗೆ ಬದಲಾಯಿಸಿದರೆ ಒತ್ತು, ಅರ್ಕಾವತ್ತು ಎಲ್ಲ ಎಲ್ಲೆಲ್ಲೋ ಹೋಗಿ ಕೂರುತ್ತವೆ. 300 ಪುಟದ ಹಸ್ತಪ್ರತಿಯ ಒಂದೊಂದೇ ಒತ್ತನ್ನು ಕೈಯಲ್ಲಿ ತಿದ್ದಿದ್ದೇನೆ. ಹದಿನೆಂಟು ದಿನ ಹಿಡಿಯಿತು.

ಅಟ್ಟದ ಮನೆ · ಬೆಳಗ್ಗೆ 9:12

ಯೂನಿಕೋಡ್ ಸರ್, ಫೋನಿನಲ್ಲೇ ಜಾಸ್ತಿ.

ಒತ್ತಕ್ಷರ · ಬೆಳಗ್ಗೆ 9:13

ಹಾಗಾದರೆ ಚಿಂತೆ ಇಲ್ಲ. ಪ್ರತಿ ವಾರ ಒಂದು ಪ್ರತಿಯನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಫೋನ್ ಬಿದ್ದರೆ ಕಾದಂಬರಿ ಬೀಳಬಾರದು.

ಊರು ದೂರ · ಮಧ್ಯಾಹ್ನ 1:30

ನನ್ನದು ಬೇರೆ ತೊಂದರೆ, ಇಲ್ಲೇ ಹೇಳಬಹುದಾ? ನಾನು ಜರ್ಮನಿಯ ಕಲೋನ್‌ನಲ್ಲಿದ್ದೇನೆ. ನನ್ನ ಕಥೆ ನಡೆಯುವುದು ಶಿರಸಿ ಹತ್ತಿರದ ಊರಿನಲ್ಲಿ. ಇಲ್ಲಿ ಕಿಟಕಿಯಾಚೆ ಟ್ರಾಮ್ ಓಡುತ್ತಿರುತ್ತದೆ. ಅಡಿಕೆ ಕೊಯ್ಲಿನ ಬಗ್ಗೆ ಬರೆಯಲು ಕೂತರೆ ಮನಸ್ಸೇ ಬರುವುದಿಲ್ಲ. ಊರಿಗೆ ಹೋದಾಗಲೇ ಬರೆಯುತ್ತೇನೆ ಅಂತ ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ.

ಮಳೆಗಾಲ · ಮಧ್ಯಾಹ್ನ 1:52

ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಎಲ್ಲಿ ಅಂದುಕೊಂಡಿರಿ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಿಎಚ್.ಡಿ. ಮಾಡುತ್ತಿದ್ದಾಗ. 1965ರಲ್ಲಿ ಪ್ರಕಟವಾಯಿತು. ಬರ್ಗ್‌ಮನ್ನರ ಒಂದು ಸ್ವೀಡಿಷ್ ಸಿನಿಮಾ ನೋಡಿ ಬಂದದ್ದು ಅದನ್ನು ಬರೆಯಲು ಕಾರಣವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನೋಡಿದ್ದು ಸ್ವೀಡಿಷ್, ಕೂತಿದ್ದು ಇಂಗ್ಲೆಂಡಿನಲ್ಲಿ, ಬಂದದ್ದು ಮಲೆನಾಡಿನ ಅಗ್ರಹಾರ. ದೂರ ಇದ್ದಾಗಲೇ ಊರು ಚೆನ್ನಾಗಿ ಕಾಣುತ್ತದೆ ಅಂತ ನನಗನ್ನಿಸುತ್ತದೆ. ಇವತ್ತೇ ಶುರು ಮಾಡಿ.

ದಿನಕ್ಕೊಂದು ಪುಟ · ಮಧ್ಯಾಹ್ನ 2:04

ಅಣ್ಣ, ನಿನ್ನೆ ರಾತ್ರಿ ಕಾಯಿರಿ ಅಂದವರು ಇವತ್ತೇ ಶುರು ಮಾಡಿ ಅನ್ನುತ್ತಿದ್ದೀರಿ. ನನಗೆ ಖುಷಿಯಾಯಿತು.

ಊರು ದೂರ · ಮಧ್ಯಾಹ್ನ 2:15

ಆದರೆ ಸಣ್ಣ ಸಣ್ಣ ವಿವರ ಮರೆತು ಹೋಗುತ್ತದಲ್ಲ ಸರ್? ಭೈರಪ್ಪನವರು 'ಪರ್ವ'ಕ್ಕೆ ಮೊದಲು ಮಹಾಭಾರತದ ಜಾಗಗಳನ್ನೆಲ್ಲ ಸುತ್ತಿ ಬಂದರು ಅಂತ ಓದಿದ್ದೇನೆ, ಹಿಮಾಲಯದ ತಪ್ಪಲಿನವರೆಗೂ. ಅಷ್ಟು ತಯಾರಿ ಬೇಡವಾ?

ದಿನಕ್ಕೊಂದು ಪುಟ · ಮಧ್ಯಾಹ್ನ 2:33

ತಯಾರಿ ಬೇಕು, ನಿಜ. ಅವರು ಸುತ್ತಿಯೂ ಬಂದರು, 1979ರಲ್ಲಿ ಪುಸ್ತಕವೂ ಬಂತು. ನಾನು ಸುತ್ತುವುದರಲ್ಲೇ ಉಳಿದೆ. ನೇಕಾರರ ಬಗ್ಗೆ ಬರೆಯಬೇಕು ಅಂತ ಇಳಕಲ್ಲಿಗೆ ಐದು ಸಲ ಹೋಗಿದ್ದೆ. ಮಗ್ಗದ ಮನೆಗಳಲ್ಲಿ ಕೂತೆ, ಸೀರೆಗೆ ಟೋಪಿ ತೆನೆ ಸೆರಗು ಹೇಗೆ ಜೋಡಿಸುತ್ತಾರೆ ಅಂತ ಬರೆದುಕೊಂಡೆ. ನಾಲ್ಕು ನೋಟ್‌ಬುಕ್ ತುಂಬಿತು. ಕಾದಂಬರಿಯ ಮೊದಲ ಸಾಲು ಬರೆಯಲಿಲ್ಲ. ಬರೆಯುವ ಭಯಕ್ಕೆ ನಾನು ಬಸ್ಸು ಹತ್ತುತ್ತಿದ್ದೆ ಅಂತ ಮೂರು ವರ್ಷ ಬಿಟ್ಟು ಗೊತ್ತಾಯಿತು. ಗೊತ್ತಿಲ್ಲದ ಜಾಗದಲ್ಲಿ "ಇದನ್ನು ಕೇಳಬೇಕು" ಅಂತ ಬ್ರಾಕೆಟ್ಟಿನಲ್ಲಿ ಬರೆದು ಮುಂದೆ ಹೋಗಿ. ಊರಿಗೆ ಹೋದಾಗ ಅಷ್ಟನ್ನೇ ಕೇಳಿಕೊಂಡು ಬನ್ನಿ.

ದಬ್ಬಳ ದಾರ · ಸಂಜೆ 5:48

ನಾನು ಬರೆಯುವವಳಲ್ಲ, ಓದುವವಳು. ಆದರೂ ಒಂದು ಮಾತು. ನಮ್ಮಮ್ಮ ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಗಳ ಪುಟ ಕತ್ತರಿಸಿ ಇಡುತ್ತಿದ್ದರು. ಕೊನೆಯ ಕಂತು ಬಂದ ಮೇಲೆ ಎಲ್ಲವನ್ನೂ ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ತೂತು ಮಾಡಿ, ಹುರಿ ದಾರ ಹಾಕಿ ಹೊಲಿಯುತ್ತಿದ್ದರು. ಹಳೇ ಕ್ಯಾಲೆಂಡರಿನ ರಟ್ಟು ಹೊದಿಕೆ. ಅಂಥ ಹನ್ನೊಂದು ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇವೆ. ನಡುವೆ ಒಂದು ಕಂತು ತಪ್ಪಿದ್ದಕ್ಕೆ ಪಕ್ಕದ ಬೀದಿಯವರ ಮನೆಗೆ ಹೋಗಿ ನೋಡಿ, ಆ ನಾಲ್ಕು ಪುಟವನ್ನು ಕೈಯಲ್ಲಿ ನಕಲು ಮಾಡಿ ತಂದು ಹೊಲಿದಿದ್ದಾರೆ. ಅಮ್ಮನ ಅಕ್ಷರದಲ್ಲಿ.

ಮುಂದಿನ ವಾರಕ್ಕೆ ಒಬ್ಬರು ಕಾಯುತ್ತಿದ್ದಾರೆ ಅಂತ ಗೊತ್ತಿದ್ದರೆ ಬರೆಯುವವರಿಗೆ ಕೂರಲೇಬೇಕಾಗುತ್ತದೆ ಅಲ್ವಾ? ಅಟ್ಟದ ಮನೆಯವರೇ, ವಾರಕ್ಕೊಂದು ಅಧ್ಯಾಯ ನನಗೆ ಕಳಿಸಿ. ತಪ್ಪು ಹುಡುಕುವುದಿಲ್ಲ. ಓದಿ, ಮುಂದೇನಾಯಿತು ಅಂತ ಕೇಳುತ್ತೇನೆ ಅಷ್ಟೇ.

ಅಂಚೆಪೆಟ್ಟಿಗೆ · ಸಂಜೆ 6:10

ಆ ಹನ್ನೊಂದು ಪುಸ್ತಕವನ್ನು ಜೋಪಾನ ಮಾಡಿ ಅಕ್ಕ. ನುಸಿ ಬಾರದ ಹಾಗೆ ಒಣ ಬೇವಿನೆಲೆ ಇಡಿ.

ಅಟ್ಟದ ಮನೆ · ರಾತ್ರಿ 9:20

ದಬ್ಬಳ ದಾರ ಅಕ್ಕ, ನಿಮ್ಮ ಮಾತು ಓದಿ ಗಂಟಲು ಕಟ್ಟಿತು. ಖಂಡಿತ ಕಳಿಸುತ್ತೇನೆ. ಆದರೆ ಕಳಿಸಲು ಮುಂದಿನ ಅಧ್ಯಾಯ ಬೇಕಲ್ಲ. ಇವತ್ತು ಬೆಳಗ್ಗೆಯೂ ಕೂತಿದ್ದೆ, ಮತ್ತೆ ಮೊದಲ ಪುಟದಿಂದಲೇ ಓದಿ ಎದ್ದೆ.

ಕರಡು ತಿದ್ದುವವಳು · ರಾತ್ರಿ 9:34

ಇಪ್ಪತ್ತೆರಡು ವರ್ಷದಿಂದ ಬೇರೆಯವರ ಹಸ್ತಪ್ರತಿ ತಿದ್ದುತ್ತಿದ್ದೇನೆ. ಎರಡು ಮಾತು.

ಮೊದಲನೆಯದು, ಮೊದಲಿಂದ ಓದುವುದನ್ನು ನಿಲ್ಲಿಸಿ. ಟ್ರೊಲಪ್ಪರೂ ಓದುತ್ತಿದ್ದರು, ಆದರೆ ಹಿಂದಿನ ದಿನ ಬರೆದದ್ದನ್ನು ಮಾತ್ರ, ಅರ್ಧ ಗಂಟೆ. 84 ಪುಟ ಓದಿ ಮುಗಿಸುವಷ್ಟರಲ್ಲಿ ನಿಮ್ಮ ಬೆಳಗಿನ ಚೈತನ್ಯ ಎಲ್ಲ ಖರ್ಚಾಗಿರುತ್ತದೆ. 83 ಮತ್ತು 84 ಸಾಕು. ಉಳಿದದ್ದಕ್ಕೆ ಬೀಗ ಹಾಕಿ.

ಎರಡನೆಯದು, ಒಂದು ಪ್ರಶ್ನೆ. 85ನೇ ಪುಟದಲ್ಲಿ ಏನಾಗಬೇಕು? ಗೊತ್ತಿಲ್ಲ ಅನ್ನಬೇಡಿ. ಇಷ್ಟು ದಿನ ಒಂದೇ ಜಾಗದಲ್ಲಿ ನಿಂತವರಿಗೆ ಮುಂದಿನದು ಸಾಮಾನ್ಯವಾಗಿ ಗೊತ್ತಿರುತ್ತದೆ.

ಅಟ್ಟದ ಮನೆ · ರಾತ್ರಿ 10:25

ಒಂದು ಗಂಟೆ ಯೋಚಿಸಿದೆ. ಹೌದು, ಗೊತ್ತಿದೆ. ಅಣ್ಣತಮ್ಮಂದಿರು ಪಾಲಾಗಬೇಕು.

ನನಗೆ ಹನ್ನೊಂದು ವರ್ಷ ಇದ್ದಾಗ ನಮ್ಮ ಮನೆಯಲ್ಲೇ ಪಾಲಾಯಿತು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಊರಿನ ನಾಲ್ಕು ಜನ ಹಿರಿಯರು ಬಂದಿದ್ದರು. ನಾನು ಅಡುಗೆಮನೆ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವತ್ತು ಚಿಕ್ಕಪ್ಪ ನಮ್ಮಪ್ಪನಿಗೆ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯಲಾರೆ. ಆಮೇಲೆ ಹನ್ನೆರಡು ವರ್ಷ ಎರಡೂ ಮನೆಗೆ ಮಾತಿರಲಿಲ್ಲ. ಈಗ ಎಲ್ಲ ಸರಿಹೋಗಿದೆ. ಚಿಕ್ಕಪ್ಪನಿಗೆ 70 ಹತ್ತಿರ ಬಂತು, ಹಬ್ಬಕ್ಕೆ ಬರುತ್ತಾರೆ, ನನ್ನ ಮಗಳನ್ನು ಎತ್ತಿ ಆಡಿಸುತ್ತಾರೆ. ನಾನು ಬರೆಯುತ್ತಿರುವುದು ಗೊತ್ತಾಗಿ ಸಂತೋಷಪಟ್ಟವರೂ ಅವರೇ. ಪುಸ್ತಕ ಬಂದರೆ ಮೊದಲು ಓದುವವರೂ ಅವರೇ.

ದಿನಕ್ಕೊಂದು ಪುಟ · ರಾತ್ರಿ 10:31

ಇದು ಸ್ಫೂರ್ತಿಯ ಪ್ರಶ್ನೆಯೇ ಅಲ್ಲ ಹಾಗಾದರೆ.

ನವೆಂಬರ್ 30 · ರಾತ್ರಿ 10:40

ಹೆಸರು, ಊರು ಬದಲಾಯಿಸಿ ಬರೆದುಬಿಡಿ. ಎಂ.ಕೆ. ಇಂದಿರಾ ಅವರು 'ಫಣಿಯಮ್ಮ'ದಲ್ಲಿ ಬರೆದದ್ದೂ ನಿಜವಾಗಿ ಬದುಕಿದ್ದ ಒಬ್ಬರ ಕಥೆಯನ್ನೇ. ಅವರು ಕಾದಂಬರಿ ಶುರು ಮಾಡಿದ್ದೇ 45ರ ಆಸುಪಾಸಿನಲ್ಲಿ.

ಮಳೆಗಾಲ · ರಾತ್ರಿ 10:52

ಅದು ಹಿಂದಿನ ತಲೆಮಾರಿನವರ ಕಥೆ. ಇವರ ಚಿಕ್ಕಪ್ಪ ಕಣ್ಣೆದುರಿಗಿದ್ದಾರೆ. ಹೆಸರು ಬದಲಾಯಿಸಿದರೆ ಊರವರಿಗೆ ಗೊತ್ತಾಗುವುದಿಲ್ಲವಾ? ಒಂದು ಪುಸ್ತಕಕ್ಕಾಗಿ ಸರಿಹೋದ ಸಂಬಂಧ ಮತ್ತೆ ಕೆಡಬೇಕಾ? ನಾನಾದರೆ ಬರೆಯುವುದಿಲ್ಲ.

ಕರಡು ತಿದ್ದುವವಳು · ರಾತ್ರಿ 11:03

ಬರೆಯುವುದು ಬೇರೆ, ಅಚ್ಚು ಹಾಕುವುದು ಬೇರೆ. ಈಗಲೇ ಎರಡನ್ನೂ ತೀರ್ಮಾನ ಮಾಡಬೇಕಾಗಿಲ್ಲ. ಮೊದಲ ಕರಡನ್ನು ಯಾರೂ ನೋಡುವುದಿಲ್ಲ.

ಒಂದು ಪ್ರಯತ್ನ ಮಾಡಿ ನೋಡಿ. ಆ ದೃಶ್ಯವನ್ನು ಚಿಕ್ಕಪ್ಪನ ಕಡೆಯಿಂದ ಬರೆಯಿರಿ. ಅವರೇ ಸರಿ ಅಂತ ನಂಬಿಕೊಂಡು ಬರೆಯಿರಿ. ಅವರಿಗೆ ಆಗ ಎಷ್ಟು ವಯಸ್ಸು, ಕೈಯಲ್ಲಿ ಎಷ್ಟು ದುಡ್ಡಿತ್ತು, ಹಿಂದಿನ ರಾತ್ರಿ ಅವರ ಹೆಂಡತಿ ಏನು ಹೇಳಿದ್ದರು. ಬಾಗಿಲ ಸಂದಿಯಿಂದ ಕಂಡದ್ದನ್ನೇ ಬರೆಯುತ್ತಾ ಹೋದರೆ ನೀವು ಹನ್ನೊಂದು ವರ್ಷದ ಹುಡುಗಿಯಾಗಿಯೇ ಇರುತ್ತೀರಿ, ಆ ಹುಡುಗಿಗೆ ಭಯ ಇದ್ದೇ ಇರುತ್ತದೆ. ಜಮಖಾನದ ಮೇಲೆ ಹೋಗಿ ಕೂರಿ.

ಚಕ್ಕುಬಂದಿ · ಮಂಗಳವಾರ, ಬೆಳಗ್ಗೆ 7:15

ಈ ಚರ್ಚೆಗೆ ನಾನು ಹೊಸಬ. ಪತ್ರ ಬರಹಗಾರ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿಗೆ 34 ವರ್ಷದಿಂದ ಕೂರುತ್ತೇನೆ. ಪಾಲುಪತ್ರ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ನಿಮಗೆ ಉಪಯೋಗಕ್ಕೆ ಬರಬಹುದು ಅಂತ ಹೇಳುತ್ತೇನೆ ತಾಯಿ.

ಜಮೀನಿಗೆ ಜಗಳ ಕಮ್ಮಿ. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ ಅಂದರೆ ನಾಲ್ಕೂ ಕಡೆಯ ಗಡಿ, ಎಲ್ಲ ಕಾಗದದಲ್ಲಿ ಇರುತ್ತದೆ. ನಮ್ಮ ಕಡೆ ಹಿರಿಯವನು ಪಾಲು ಮಾಡಿದರೆ ಕಿರಿಯವನು ಮೊದಲು ಆರಿಸಿಕೊಳ್ಳುವ ರೂಢಿ, ಹಾಗಾಗಿ ಮಾಡುವವನೂ ನ್ಯಾಯವಾಗಿಯೇ ಮಾಡುತ್ತಾನೆ. ಮಾತು ಕೆಡುವುದು ಕಾಗದಕ್ಕೆ ಬಾರದ ಸಾಮಾನಿಗೆ. ಬಾವಿ ನೀರಿನ ಸರದಿ ಯಾರಿಗೆ ರಾತ್ರಿ, ಯಾರಿಗೆ ಹಗಲು. ಅಜ್ಜಿಯ ತಾಮ್ರದ ಹಂಡೆ. ತಾಯಿ ಯಾರ ಮನೆಯಲ್ಲಿ ಇರಬೇಕು. ಒಂದು ಮನೆಯಲ್ಲಿ ಎಲ್ಲ ಮುಗಿದು ಸಹಿ ಹಾಕುವ ಹೊತ್ತಿಗೆ ಒಂದು ಒರಳುಕಲ್ಲಿಗೆ ನಿಂತುಹೋಯಿತು. ನನ್ನ ಪೆನ್ನು ಕೈಯಲ್ಲೇ ಇತ್ತು. ಮೂರು ತಿಂಗಳು ಬಿಟ್ಟು ಬಂದರು.

ನಿಮ್ಮ ಕಥೆಯಲ್ಲಿ ಅಣ್ಣತಮ್ಮಂದಿರು ಯಾವುದಕ್ಕೆ ಜಗಳ ಆಡುತ್ತಾರೆ? ತೋಟಕ್ಕೆ ಅಂತ ಬರೆದಿದ್ದರೆ ಬೇರೆ ಏನಾದರೂ ಯೋಚಿಸಿ.

ಹೊನ್ನವಳ್ಳಿ ಹುಡುಗ · ಬೆಳಗ್ಗೆ 7:40

ಅಟ್ಟದ ಮೇಲಿರುವ ಕಾಯಿ! ನಮ್ಮ ದೊಡ್ಡಪ್ಪಂದಿರ ಪಾಲಿನಲ್ಲಿ ಆದದ್ದೇ ಅದು. ತೋಟ ಪಾಲಾಯಿತು, ಮನೆ ಪಾಲಾಯಿತು. ಅಟ್ಟದಲ್ಲಿ ಆರು ತಿಂಗಳ ಕಾಯಿ ಇತ್ತು. ಇಳಿಸಿದರೆ ಕೊಬ್ಬರಿ ಆಗುವುದಿಲ್ಲ. ಬಿಟ್ಟರೆ ಅದು ಯಾರ ಅಟ್ಟ, ಯಾರು ಕಾಯಬೇಕು, ಬೆಲೆ ಬಿದ್ದರೆ ಯಾರಿಗೆ ನಷ್ಟ?

ಚಕ್ಕುಬಂದಿ · ಬೆಳಗ್ಗೆ 7:44

ಸರಿಯಾಗಿ ಹೇಳಿದೆ ಮಗ. ಪಾಲುಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿ ಪಟ್ಟಿಯಲ್ಲಿ, ಅದಕ್ಕೆ ಜಾಗವೇ ಇಲ್ಲ.

ಅಟ್ಟದ ಮನೆ · ಬೆಳಗ್ಗೆ 7:52

ಶಾಲೆಗೆ ಹೊರಟಿದ್ದೇನೆ. ಕೈ ನಡುಗುತ್ತಿದೆ. ಸಂಜೆ ಬರುತ್ತೇನೆ.

ಊರು ದೂರ · ಬುಧವಾರ, ಮಧ್ಯಾಹ್ನ 12:10

ಅಟ್ಟದ ಮನೆ ಅಕ್ಕ ಬರಲೇ ಇಲ್ಲ? ನಾನಂತೂ ನಿನ್ನೆ ರಾತ್ರಿ ಎರಡು ಪುಟ ಬರೆದೆ. ಬ್ರಾಕೆಟ್ಟಿನಲ್ಲಿ "ಅಮ್ಮನನ್ನು ಕೇಳಬೇಕು" ಅಂತ ಏಳು ಕಡೆ ಇದೆ. ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ, ಅಡಿಕೆ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ದಾಟುವುದನ್ನು ಮುಕ್ಕಾಲು ಗಂಟೆ ವಿವರಿಸಿದರು.

ದಬ್ಬಳ ದಾರ · ಬುಧವಾರ, ರಾತ್ರಿ 8:30

ಬರದಿದ್ದರೆ ಒಳ್ಳೆಯದೇ. ಬರೆಯುತ್ತಿರಬೇಕು.

ಅಟ್ಟದ ಮನೆ · ಶನಿವಾರ, ರಾತ್ರಿ 9:47

ಕ್ಷಮಿಸಿ, ನಾಲ್ಕು ದಿನ ಈ ಕಡೆ ಬರಲಿಲ್ಲ. 93ನೇ ಪುಟದಲ್ಲಿದ್ದೇನೆ.

ಕರಡು ತಿದ್ದುವವರು ಹೇಳಿದ ಹಾಗೆ ಚಿಕ್ಕಪ್ಪನ ಕಡೆಯಿಂದ ಶುರು ಮಾಡಿದೆ. ಅವರಿಗೆ ಆಗ 38 ವರ್ಷ, ಈಗ ನನಗಿರುವ ವಯಸ್ಸಿಗಿಂತ ನಾಲ್ಕು ವರ್ಷ ಕಮ್ಮಿ. ಇದನ್ನು ಲೆಕ್ಕ ಹಾಕಿದ್ದೇ ಮೊದಲ ಸಲ. ಕಾದಂಬರಿಯಲ್ಲಿ ಅವರು ಆ ಮಾತನ್ನು ಆಡುವುದೇ ಇಲ್ಲ. ಆಡುವುದಕ್ಕೆ ಮುಂಚೆ ಅವರ ತಾಯಿ ಎದ್ದು ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಾಳೆ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಕೆಳಗೆ ಗಂಡಸರೆಲ್ಲ ತಲೆಯೆತ್ತಿ ಕೂತಿರುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದೇನೆ. ವಾಕ್ಯವನ್ನೂ ಪೂರ್ತಿ ಮಾಡಿಲ್ಲ, ನಾಳೆ ಹಿಡಿದುಕೊಳ್ಳಲು ಒಂದು ತುದಿ ಇರಲಿ ಅಂತ.

ಹೊನ್ನವಳ್ಳಿ ಹುಡುಗ · ರಾತ್ರಿ 9:55

ಆರು ತಿಂಗಳ ಕಾಯಿ ಆದರೆ ಲೊಡಲೊಡ ಅನ್ನುವುದಿಲ್ಲ ಅಕ್ಕ. ಇನ್ನೂ ನೀರಿನ ಸದ್ದೇ ಇರುತ್ತದೆ. ಅದೊಂದು ನೋಡಿಕೊಳ್ಳಿ.

ಅಟ್ಟದ ಮನೆ · ರಾತ್ರಿ 10:02

ನೀರಿನ ಸದ್ದೇ ಬರೆದಿದ್ದೇನೆ ತಮ್ಮಾ. ಅವಳು ಕೇಳಿಸಿಕೊಳ್ಳುವುದೂ ಅದನ್ನೇ.

ಇನ್ನೊಂದು ಹೇಳುವುದಿತ್ತು. ನಿನ್ನೆ ಅಮ್ಮನಿಗೆ ಕಾಫಿ ಕೊಡುತ್ತಾ, ಪಾಲಾದ ದಿನ ನಮ್ಮ ಅಟ್ಟದಲ್ಲಿ ಕಾಯಿ ಎಷ್ಟಿತ್ತು ಅಂತ ಸುಮ್ನೆ ಕೇಳಿದೆ. ಮೂವತ್ತೊಂದು ವರ್ಷ ಆಯಿತು, ನೆನಪಿರುತ್ತದೆ ಅಂದುಕೊಂಡಿರಲಿಲ್ಲ. ಅಮ್ಮ ಲೋಟ ಕೆಳಗಿಡದೆ ಹೇಳಿದರು: "ನಾಲ್ಕು ಸಾವಿರದ ಇನ್ನೂರು. ನಾನೇ ಎಣಿಸಿದ್ದು."